ಮುನ್ನೂರು ಕಂಪ್ಲಿ ದೂರ

ಕಾನ್ವೆಂಟಿನಲ್ಲಿ ಜಿಯಾಗ್ರಫಿಗೆ ಮೆಡಲ್ ತೆಗೆದುಕೊಂಡವರು ಬದುಕಿನಲ್ಲಿ ಎಲ್ಲಿಗೂ ಹೋಗುವುದಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಎಪ್ಪತ್ತೆರಡಾದರೂ ವಿಮಾನ ಹತ್ತಿಲ್ಲ. ಕೇಳಿದವರಿಗೆಲ್ಲ ಮಂಡಿನೋವು ಅನ್ನುತ್ತೇನೆ. ಪಾಪ, ಇಷ್ಟು ವರ್ಷ ನನ್ನ ಮರ್ಯಾದೆ ಕಾಪಾಡಿದ್ದು ಆ ಮಂಡಿಯೇ.

ಈ ಸಲ ಅದು ನಡೆಯುವಂತಿರಲಿಲ್ಲ. ಮೆಲ್ಬರ್ನ್‌ನಲ್ಲಿರುವ ಸರಳಕ್ಕನಿಗೆ ಹಾರ್ಟ್ ಆಪರೇಷನ್. ಅದಕ್ಕೂ ಮುಂಚೆ ತಂಗಿಯ ಮುಖ ನೋಡಬೇಕೆಂದು ಅವಳ ಹಟ. ಅವಳ ಮಗಳು ನನಗೆ ವೀಸಾ ಮಾಡಿಸಿಟ್ಟು, ಫೋನಿನಲ್ಲಿ "ಚಿಕ್ಕಮ್ಮ, ಇವತ್ತು ಐದರೊಳಗೆ ಯೆಸ್ ಆರ್ ನೋ ಹೇಳಿಬಿಡು. ಆಮೇಲೆ ಟಿಕೆಟ್ ಸಿಗಲ್ಲ" ಅಂದಳು. ಎದೆ ಡವಡವ ಅನ್ನತೊಡಗಿತು. ಆಪರೇಷನ್ ನನಗೋ ಅಕ್ಕನಿಗೋ ತಿಳಿಯದಷ್ಟು.

ಹಳೆಯ ಅಟ್ಲಾಸ್ ತೆಗೆದು ಬೆಂಗಳೂರಿನಿಂದ ಮೆಲ್ಬರ್ನ್‌ಗೆ ದಾರ ಹಿಡಿದು ಅಳೆದೆ. ಸುಮಾರು ಒಂಬತ್ತು ಸಾವಿರ ಕಿಲೋಮೀಟರ್. ನಮ್ಮ ಹೊಸಪೇಟೆಯಿಂದ ಪಕ್ಕದ ಊರು ಕಂಪ್ಲಿಗೆ ಮೂವತ್ತು ಎಂದಿಟ್ಟುಕೊಂಡರೆ ಮುನ್ನೂರು ಕಂಪ್ಲಿ! ಒಂದು ಕಂಪ್ಲಿಗೇ ನನ್ನ ಸೊಂಟ ಬಿದ್ದುಹೋಗುತ್ತದೆ. ಇನ್ನು ಟೈಮ್. ಬೆಂಗಳೂರಿನಲ್ಲಿ ಸಂಜೆ ನಾಲ್ಕಕ್ಕೆ ಹೊರಟ ವಿಮಾನ ಅಲ್ಲಿಗೆ ಮರುದಿನ ಬೆಳಿಗ್ಗೆ ಎಂಟಕ್ಕೆ ಮುಟ್ಟುತ್ತದೆ. ಹದಿನಾರು ಗಂಟೆ. ಅವರ ಗಡಿಯಾರ ನಮಗಿಂತ ಐದೂವರೆ ಗಂಟೆ ಮುಂದೆ. ಪೂರ್ವಕ್ಕೆ ಹೋದರೆ ಕೂಡಿಸಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು, ಕೂಡಿಸಿದೆ. ಇಪ್ಪತ್ತೊಂದೂವರೆ ಗಂಟೆ!

ಅಷ್ಟು ಹೊತ್ತು ಕೂರಬಲ್ಲೆನೇ ಎಂದು ಮೂರು ಗಂಟೆಗೆ ರಿಹರ್ಸಲ್ ಶುರು ಮಾಡಿದೆ. ಗೋಡೆಗೂ ಬೀರುವಿಗೂ ನಡುವೆ ಕುರ್ಚಿ ಸಿಕ್ಕಿಸಿ, ಯಜಮಾನರ ಬೆಲ್ಟನ್ನು ಸೀಟ್ ಬೆಲ್ಟಾಗಿ ಬಿಗಿದುಕೊಂಡು ಕುಳಿತೆ. ಕೆಲಸಕ್ಕೆ ಬಂದ ಹುಲಿಗೆಮ್ಮ ಪೊರಕೆ ಹಿಡಿದು ನಿಂತೇಬಿಟ್ಟಳು.

"ಏನ್ರಿ ಅಮ್ಮಾರ ಇದು, ದೆವ್ವ ಬಿಡ್ಸಾಕ ಕಟ್ಟಿಹಾಕ್ದಂಗ?"

ವಿಷಯ ಹೇಳಿದೆ. "ಕಂಪ್ಲಿ ಬಸ್ಸಿನ್ಯಾಗ ನಿಂತ್ಕೊಂಡು ಹೋಗ್ತೀರಿ. ಅಲ್ಲಿ ಕುಂದ್ರಿಸಿ ಊಟ ಬ್ಯಾರೆ ಕೊಡ್ತಾರಂತ. ಭಾಳ ಕಷ್ಟ ಬಿಡ್ರಿ!" ಎಂದು ಗುಡಿಸತೊಡಗಿದಳು.

ಅಷ್ಟರಲ್ಲಿ ಯಜಮಾನರು ನನ್ನ ಲೆಕ್ಕದ ಚೀಟಿ ಎತ್ತಿಕೊಂಡರು. ಸಂಡೂರಿನ ಗಣಿಯಲ್ಲಿ ಸರ್ವೆ ಮಾಡಿ ರಿಟೈರ್ ಆದವರು. ಹೆಂಡತಿಯ ತಪ್ಪು ಹುಡುಕಲು ಅವರಿಗೆ ಯಾವ ಇನ್‌ಸ್ಟ್ರುಮೆಂಟೂ ಬೇಕಿಲ್ಲ.

"ಅವರ ಗಡಿಯಾರ ಮೊದಲೇ ಮುಂದೈತಿ. ಅದನ್ನ ಕಳೀಬೇಕು, ನೀ ಕೂಡ್ಸಿ! ಹತ್ತೂವರೆ ತಾಸು ಅಷ್ಟ. ಯಾರೇ ನಿನಗ ಮೆಡಲ್ ಕೊಟ್ಟಾವ್ರು?"

ಕಡಿಮೆ ಬಂದಿದ್ದರೆ ನಾಲ್ಕು ಸಲ ತಾಳೆ ನೋಡುತ್ತಿದ್ದೆ. ದೊಡ್ಡದು ಬಂದಾಗ, ಹೋಗದಿರಲು ನೆಪ ಸಿಕ್ಕಿತೆಂದು ಒಳಗೊಳಗೇ ಥ್ಯಾಂಕ್ ಗಾಡ್ ಅಂದಿದ್ದೆನಲ್ಲ, ಅದನ್ನು ಯಾವ ಬಾಯಲ್ಲಿ ಹೇಳಲಿ?

ಐದಕ್ಕೆ ಐದು ನಿಮಿಷವಿದ್ದಾಗ ಫೋನ್ ಬಂತು, ಕುರ್ಚಿಯಲ್ಲಿ ಕುಳಿತೇ ಎತ್ತಿದೆ. ಅಕ್ಕನ ಮಗಳಲ್ಲ, ಅಕ್ಕನೇ. ದನಿ ತೀರಾ ಸಣ್ಣಗಾಗಿತ್ತು.

"ಏನೇ, ನಿನ್ನ ಮಂಡಿ ಏನಂತೈತಿ?"

"ಬರ್ತೀನಿ, ಅಕ್ಕ."

"ಅಷ್ಟೊತ್ತು ಕುಂದ್ರಾಕ ಆಗ್ತೈತೇನೇ ನಿನಗ?"

"ಹತ್ತೂವರೆ ತಾಸು, ಏನ್ ಮಹಾ! ಐ ಆಮ್ ಪರ್ಫೆಕ್ಟ್‌ಲಿ ಫಿಟ್" ಎಂದು ಠೀವಿಯಿಂದ ಹೇಳಿ ಫೋನ್ ಇಟ್ಟೆ. ಏಳಲು ಹೋದೆ. ಎರಡೇ ತಾಸಿಗೆ ಎರಡೂ ಕಾಲು ಮರಗಟ್ಟಿದ್ದವು. ಹುಲಿಗೆಮ್ಮ ಆ ರಟ್ಟೆ, ಯಜಮಾನರು ಈ ರಟ್ಟೆ ಹಿಡಿದು ಎಳೆದ ಮೇಲೆಯೇ ನಾನು ಕುರ್ಚಿಯಿಂದ ಟೇಕಾಫ್ ಆದದ್ದು.