ಬೇಲಿಗೆ ಹಬ್ಬಿದ ಬಿಲ್ವ

ಬೇಲಿ ಇಲ್ಲದಿರುವಾಗ ಮನುಷ್ಯನಿಗಿರುವ ಆಸೆಯೇ ಬೇರೆ, ಬೇಲಿ ಬಂದ ಮೇಲೆ ಬರುವ ಬುದ್ಧಿಯೇ ಬೇರೆ. ಟೆಕ್ಸಾಸಿನ ಫ್ರಿಸ್ಕೋದ ನಮ್ಮ ಮನೆಗೂ ಬೇಲಿಯಿದೆ. ಆದರೆ ಅದನ್ನು ಬೇಲಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟು ಎತ್ತರ ಇರಬೇಕು, ಯಾವ ಬಣ್ಣ ಬಳಿಯಬೇಕು ಎಂದು ಬಡಾವಣೆಯ ಸಂಘದವರೇ ತೀರ್ಮಾನಿಸಿದ ಮರದ ಹಲಗೆಗಳ ಗೋಡೆ ಅದು. ಅದರಾಚೆ ಯಾರೋ ಸೀನುತ್ತಾರೆ, ಈಚೆಯಿಂದ ನಾನು "ಬ್ಲೆಸ್ ಯೂ" ಎನ್ನುತ್ತೇನೆ, ಆಚೆಯಿಂದ "ಥ್ಯಾಂಕ್ ಯೂ" ಬರುತ್ತದೆ. ಇಷ್ಟು ವರ್ಷವಾದರೂ ಅವರ ಮುಖ ನೋಡಿಲ್ಲ, ನೆಗಡಿ ಮಾತ್ರ ಚೆನ್ನಾಗಿ ಪರಿಚಯವಾಗಿದೆ.

ಹಾಗಾಗಿ ಪಕ್ಕದೂರು ಲಿಟಲ್ ಎಲ್ಮ್ ದಾಟಿ, ಉತ್ತರಕ್ಕೆ ಇನ್ನೂ ಸಾಕಷ್ಟು ಡ್ರೈವ್ ಮಾಡಿದರೆ ಸಿಗುವ ಐದು ಎಕರೆ ಜಮೀನು ಕೊಂಡಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಾರಣ ಹೇಳಿಬಿಡುತ್ತೇನೆ. ನಮ್ಮ ಕನ್ನಡದ ಬಳಗದಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಹೆಸರಿದೆ. ಒಬ್ಬರು ಹೋಳಿಗೆಗೆ, ಒಬ್ಬರು ಹಾಡಿಗೆ, ಇನ್ನೊಬ್ಬರು ಸುಮ್ಮನೆ ಜಗಳಕ್ಕೆ. ನಾನು ಮಾತ್ರ ಮೊದಲ ದಿನದಿಂದ ಇವತ್ತಿನವರೆಗೆ "ಸುಧಾ ಅವರ ಹಸ್ಬೆಂಡ್". ಹೆಂಡತಿ ಊರಿಗೆ ಹೋಗಿದ್ದಾಗ ಒಂದು ಊಟಕ್ಕೆ ಒಬ್ಬನೇ ಹೋದರೆ, ಬಾಗಿಲು ತೆರೆದವರು ನನ್ನ ಹಿಂದೆ ಇಣುಕಿ ನೋಡಿ, ಯಾರೂ ಇಲ್ಲದ್ದು ಕಂಡು ಗಾಬರಿಯಾಗಿದ್ದರು. ಜಮೀನ್ದಾರ ಎಂಬ ಹೆಸರಾದರೂ ಬರಲಿ ಎಂದು ಬೂಟು, ಅಗಲವಾದ ಟೋಪಿ, ಮೊಣಕಾಲುದ್ದದ ಕತ್ತರಿ ಎಲ್ಲ ಖರೀದಿಸಿದೆ. "ರೀ, ಸಾಕು ಕಣ್ರೀ. ಕನ್ನಡಿ ಮುಂದೆ ನಿಂತ್ಕೊಂಡ್ರೆ ಕಳೆ ಕೀಳೋಕಾಗುತ್ತಾ?" ಎಂದಳು ಸುಧಾ.

ಕಳೆ ಕೀಳುವ ಕೆಲಸ ನಿಜವಾಗಿಯೂ ಇತ್ತು. ನಮ್ಮ ಜಮೀನಿಗೂ ಪಕ್ಕದ ಡೇಲ್ ಎಂಬ ಹಿರಿಯರ ಹುಲ್ಲುಗಾವಲಿಗೂ ನಡುವೆ ಮುಳ್ಳುತಂತಿಯ ಬೇಲಿಯಿದೆ ಎಂದು ಕಾಗದಪತ್ರ ಹೇಳುತ್ತಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಹಸಿರು ಗುಡ್ಡ. ಪೊದೆ, ಬಳ್ಳಿ, ಹೆಸರು ಗೊತ್ತಿಲ್ಲದ ಗಿಡಗಳು ಎಲ್ಲ ಸೇರಿ ತಂತಿಯನ್ನು ನುಂಗಿ ಹಾಕಿದ್ದವು. ಡೇಲ್ ಅವರ ಕರುಗಳು ಎಲ್ಲಿಂದಲೋ ನುಸುಳಿ ಬಂದು ನಮ್ಮ ನೆಲದಲ್ಲಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದವು. "ಹೊಸ ತಂತಿ ಎಳೀಬೇಕು, ಅದಕ್ಕೆ ಮೊದಲು ಗಡಿ ಕ್ಲೀನ್ ಆಗಬೇಕು. ನನ್ನ ಮೇಕೆಗಳನ್ನ ಬಿಡ್ಲಾ? ವಾರದಲ್ಲಿ ನುಣ್ಣಗೆ ಮಾಡ್ತವೆ" ಎಂದರು ಡೇಲ್. ಹೊಸ ಬೂಟು ಹಾಕಿಕೊಂಡು ನಿಂತವನು ಕೆಲಸವನ್ನು ಮೇಕೆಗೆ ಒಪ್ಪಿಸುತ್ತಾನೆಯೇ? ನಾನೇ ಮಾಡುತ್ತೇನೆ ಎಂದೆ.

ಶನಿವಾರ ಹೋಗಿ ಮೊದಲ ಕಂಬದ ಹತ್ತಿರ ಕತ್ತರಿ ಬಾಯಿ ತೆರೆದೆ. ಅಲ್ಲೇ ನಿಂತುಬಿಟ್ಟೆ. ಕಂಬವನ್ನು ತಬ್ಬಿಕೊಂಡ ಬಳ್ಳಿಯಲ್ಲಿ ಮೂರು ಮೂರು ಎಲೆಗಳ ದಳ! ನಡುವಿನ ಎಲೆಗೆ ಕೊಂಚ ಉದ್ದದ ತೊಟ್ಟು, ಎರಡು ಪಕ್ಕಕ್ಕೆ ಎರಡು, ಹೊಳೆಯುವ ಹಸಿರು. ಸಾಕ್ಷಾತ್ ಬಿಲ್ವಪತ್ರೆ! ನಾನು ಹುಟ್ಟಿ ಬೆಳೆದದ್ದು ಜಯನಗರದಲ್ಲಿ. ಬಿಲ್ವವನ್ನು ನೋಡಿದ್ದು ದೇವಸ್ಥಾನದ ಮುಂದೆ ಹೂವಿನವರ ಬುಟ್ಟಿಯಲ್ಲಿ ಮಾತ್ರ. ಅದರ ಗಿಡ ಹೇಗಿರುತ್ತದೆ ಎಂಬ ಪ್ರಶ್ನೆ ನನ್ನ ಜೀವನದಲ್ಲಿ ಎದ್ದೇ ಇರಲಿಲ್ಲ. ಮರುದಿನ ಕಳೆದರೆ ಶ್ರಾವಣ ಸೋಮವಾರ, ಮರ್ಫಿ ಎಂಬ ಊರಿನಲ್ಲಿರುವ ಧಾರವಾಡದ ಡಾಕ್ಟರ್ ಅಂಕಲ್ ಮನೆಯಲ್ಲಿ ಶಿವಪೂಜೆ. ಪ್ರತಿವರ್ಷ ಪೊಟ್ಟಣದಲ್ಲಿ ಬರುವ ಬಾಡಿದ ಎಲೆಯೇ ಗತಿ. ನಾನು ಗ್ಲೌಸ್ ಕಿತ್ತೆಸೆದೆ. ದೇವರ ಎಲೆಯನ್ನು ರಬ್ಬರ್ ಹಾಕಿಕೊಂಡು ಮುಟ್ಟುವುದುಂಟೇ? ಬರಿಗೈಯಲ್ಲಿ ಒಂದೊಂದೇ ದಳ ಬಿಡಿಸಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಚೀಲಕ್ಕೆ ಹಾಕಿದೆ.

ಫೋಟೋ ಕಳಿಸಿದರೆ ಸುಧಾ ಫೋನ್ ಮಾಡಿದಳು. "ಬಿಲ್ವ ಮರ ಅಲ್ವೇನ್ರೀ? ಇದು ಬಳ್ಳಿ ಥರ ಇದೆ." "ಟೆಕ್ಸಾಸ್ ಬಿಸಿಲಿಗೆ ನಿಂತ್ಕೊಳ್ಳೋಕಾಗದೆ ಒರಗಿಕೊಂಡಿದೆ ಕಣೇ" ಎಂದೆ. ಅಷ್ಟರಲ್ಲಿ ಡೇಲ್ ಬಂದರು. ಗಡಿಯನ್ನು ಕತ್ತರಿಸುವುದಿಲ್ಲ, ಈ ಎಲೆ ನಮ್ಮ ದೇವರಿಗೆ ಬಹಳ ಪ್ರಿಯ ಎಂದು ಘೋಷಿಸಿದೆ. ಅವರು ಎಲೆ ನೋಡಿದರು, ನನ್ನ ಕೈ ನೋಡಿದರು. "ನೀವು ಅದನ್ನ ಬರಿಗೈಯಲ್ಲಿ ಮುಟ್ತೀರಾ?"

"ಮುಟ್ಟೋದೇನು, ತಲೆ ಮೇಲೆ ಇಟ್ಕೊತೀವಿ."

"ನಿಮಗೆ ಏನೂ ಆಗಲ್ವಾ?"

"ಆಗುತ್ತೆ. ಪುಣ್ಯ!"

ಡೇಲ್ ಮೆಲ್ಲಗೆ ಟೋಪಿ ತೆಗೆದರು. ಪರಧರ್ಮದ ವಿಷಯದಲ್ಲಿ ಮಾತಾಡಬಾರದೆಂಬ ಅವರ ಸಜ್ಜನಿಕೆಯೇ ನನಗೆ ಮುಳುವಾಯಿತು.

ಬಳಗದ ಗ್ರೂಪಿಗೆ "ನಮ್ಮ ಜಮೀನಿನ ಬಿಲ್ವ" ಎಂದು ಫೋಟೋ ಹಾಕಿದೆ. ಕೈಮುಗಿದ ಚಿತ್ರಗಳ ಸುರಿಮಳೆ. ಹೋಳಿಗೆಯವರು, ಹಾಡಿನವರು, ಜಗಳದವರೂ ಕೂಡ ಒಂದೊಂದು ಹಿಡಿ ಎಲೆ ಕೇಳಿದರು. ಯಾರೂ ಸುಧಾ ಹೆಸರೆತ್ತಲಿಲ್ಲ! ಆ ರಾತ್ರಿ ನನಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಭಾನುವಾರ ಬೆಳಗ್ಗೆ ಕೈ ನವೆಯಾಯಿತು. ಸೊಳ್ಳೆ ಎಂದುಕೊಂಡೆ. ಮಧ್ಯಾಹ್ನ ರೆಪ್ಪೆಗಳು ಪೂರಿಗಳ ಹಾಗೆ ಉಬ್ಬಿದವು. ಗ್ರೂಪಿನವರ ದೃಷ್ಟಿ ಎಂದು ಸುಧಾ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಎಲೆಯ ಚೀಲವನ್ನು ಮಾತ್ರ ಅವಳು ಮುಟ್ಟಿರಲಿಲ್ಲ. ಸೋಮವಾರ ತಲೆಗೆ ನೀರು ಹಾಕಿಕೊಂಡು ಮಡಿಯಲ್ಲೇ ಮುಟ್ಟುವುದು ಎಂದು ಪಟ್ಟು ಹಿಡಿದಿದ್ದಳು. ಮಡಿಯನ್ನು ಗೇಲಿ ಮಾಡುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ.

ಡಾಕ್ಟರಿಗೆ ಮುಖ ತೋರಿಸಿ, ಎಲೆಯನ್ನೂ ಕೊಟ್ಟು ಬರೋಣವೆಂದು ಅದೇ ಸಂಜೆ ಚೀಲ ಹಿಡಿದು ಹೊರಟೆ. ಸುಧಾ ಡ್ರೈವ್ ಮಾಡಿದಳು, ನಾನು ಉಳಿದ ಅರ್ಧ ಕಣ್ಣಿನಲ್ಲಿ ದಾರಿ ನೋಡಿದೆ. ಮರ್ಫಿಯಲ್ಲಿ ಡಾಕ್ಟರ್ ಅಂಕಲ್ ಬಾಗಿಲು ತೆರೆದು, ನನ್ನ ಮುಖ ನೋಡಿ, ಚೀಲದೊಳಗೆ ಇಣುಕಿ, ಒಂದೇ ನೆಗೆತಕ್ಕೆ ಹಿಂದೆ ಸರಿದರು.

"ತಮ್ಮಾ, ಅಲ್ಲೇ ನಿಂದ್ರು! ಒಳಗ ಬರಬ್ಯಾಡ! ಇದು ಪಾಯ್ಸನ್ ಐವಿ, ವಿಷದ ಬಳ್ಳಿ! ಮುಟ್ಟಿದ್ರ ಮೈಯೆಲ್ಲಾ ಬೊಬ್ಬಿ ಏಳ್ತಾವ. ಇಲ್ಲಿ ಸಣ್ಣ ಹುಡುಗ್ರಿಗೂ ಗೊತ್ತದ!"

"ಅಂಕಲ್, ಮೂರು ಎಲೆ ಇತ್ತು..." ಎಂದೆ.

"ಶಿವ ಒಮ್ಮೆ ವಿಷ ಕುಡದಾನ ಖರೇ. ಹಂಗಂತ ಪ್ರತಿ ಸೋಮವಾರ ನೀ ತಂದು ಕೊಡಬೇಕೇನು?"

ಪೂಜೆಗೆ ಬಾಡಿದ ಪೊಟ್ಟಣವೇ ಬಂತು. ನಾನು ಮಾತ್ರೆ ನುಂಗಿ, ಮೈಗೆಲ್ಲ ಗುಲಾಬಿ ಬಣ್ಣದ ಲೋಷನ್ ಬಳಿದುಕೊಂಡು ಮನೆಯಲ್ಲಿ ಮಲಗಿದೆ. ಬಳಗದಲ್ಲಿ ನನಗೊಂದು ಹೆಸರೂ ಬಂತು. ಸುಧಾಳನ್ನೇ ಈಗ "ಬಿಲ್ವದವರ ಮಿಸೆಸ್" ಎನ್ನುತ್ತಾರಂತೆ. ಅವಳು ಅದಕ್ಕೆ ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಮುಖ ಮೊದಲಿನ ಆಕಾರಕ್ಕೆ ಬಂದ ಮೇಲೆ ಡೇಲ್‌ಗೆ ಫೋನ್ ಮಾಡಿ, ಪೂಜೆ ಮುಗಿಯಿತು, ಮೇಕೆಗಳನ್ನು ಬಿಡಿ ಎಂದೆ. ನಿಜ ಹೇಳಲು ನಾಚಿಕೆಯಾಯಿತು. ಮೇಕೆಗಳಿಗೆ ಆ ಎಲೆ ಏನೂ ಮಾಡುವುದಿಲ್ಲವಂತೆ, ಕೋಸಂಬರಿಯಂತೆ ಮೆದ್ದವಂತೆ. ಮುಂದಿನ ಸಲ ಹೋದಾಗ ಗಡಿ ನುಣ್ಣಗಿತ್ತು, ಹೊಸ ತಂತಿ ಬಿಗಿಯಾಗಿ ನಿಂತಿತ್ತು. ಮೊದಲ ಕಂಬದಲ್ಲಿ ಮಾತ್ರ ಆ ಬಳ್ಳಿ ಹಾಗೆಯೇ ಇತ್ತು. ಮೇಕೆ ಬಾಯಿ ಹಾಕದಂತೆ ಸುತ್ತ ಜಾಲರಿ, ಎದುರಿಗೆ ಬಿಳಿ ಬಣ್ಣ ಬಳಿದ ಪುಟ್ಟ ಬೆಂಚು.

"ನಿಮ್ಮ ದೇವರದ್ದು ಅಂತ ಒಂದನ್ನ ಉಳಿಸಿದೆ. ಮೇಕೆಗಳಿಗೆ ತುಂಬಾ ಬೇಜಾರಾಯ್ತು. ಬೆಂಚು ನಾನೇ ಮಾಡಿದ್ದು" ಎಂದರು ಡೇಲ್.

ಬೇಲಿಯಾಚೆಯ ಮನುಷ್ಯ ನನ್ನ ದೇವರಿಗೆ ಬೆಂಚು ಹಾಕಿಕೊಟ್ಟಿದ್ದಾನೆ, ಅವನಿಗೆ ನಾನು ಏನೆಂದು ಹೇಳಲಿ? ಹೇಳಲಿಲ್ಲ. ಈಗ ಪ್ರತಿ ಶನಿವಾರ ಅವರು ಟೋಪಿ ಕೈಯಲ್ಲಿ ಹಿಡಿದು ಗೌರವದಿಂದ ಕಾಯುತ್ತಾರೆ, ನಾನು ಬಳ್ಳಿಗೆ ಕೈ ಮುಗಿಯುತ್ತೇನೆ. ಕಳೆದ ವಾರ ಅದು ಹೊಸ ಚಿಗುರು ಬಿಟ್ಟಿತ್ತು. "ನಿಮ್ಮ ಪ್ರಾರ್ಥನೆ ಫಲ ಕೊಡ್ತಿದೆ" ಎಂದು ಡೇಲ್ ಹಿಗ್ಗಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದು, ಇನ್ನಷ್ಟು ಭಕ್ತಿಯಿಂದ ಬಾಗಿದೆ.