ಹಗುರ ಬಾರು, ಭಾರದ ವರ್ಲಿನ್

ಫ್ರೀಜರಿನ ತಳದಲ್ಲಿದ್ದ ಟ್ರೇ ಖಾಲಿಯಾಗಿತ್ತು. ಖಾಲಿ ಮಾಡಿದವನು ತಾನೇ ಆದ್ದರಿಂದ ವರ್ಲಿನ್‌ಗೆ ಆಶ್ಚರ್ಯವಾಗಲು ಕಾರಣವಿರಲಿಲ್ಲ. ಆದರೂ ಮುಚ್ಚಳ ತೆಗೆದು, ಮುಚ್ಚಿ, ಮತ್ತೆ ತೆಗೆದು ನೋಡಿದ. ಎಲ್ಲಾದರೂ ಕರುಣೆ ಹುಟ್ಟಿ ಬರ್ಫಿಯಂತೆ ಚೌಕವಾಗಿ ಕತ್ತರಿಸಿದ ಆ ಸಿಹಿ ಬಾರು ಒಂದೆರಡಾದರೂ ಮರಳಿ ಬಂದಿವೆಯೇನೋ ಎಂದು.

ಹೆಂಡತಿ ಲವೋನ್ ಎರಡು ವಾರದ ಹಿಂದೆ ಫಾರ್ಗೋದಲ್ಲಿರುವ ತಂಗಿಯ ಮನೆಗೆ ಹೋಗಿದ್ದಳು. ತಂಗಿಗೆ ಮಂಡಿಯ ಆಪರೇಷನ್ ಆಗಿತ್ತು. ಹೊರಡುವಾಗ ಎರಡೇ ಮಾತು ಹೇಳಿದ್ದಳು.

"ಫ್ರೀಜರ್‌ನಲ್ಲಿರೋ ಖರ್ಜೂರದ ಓಟ್ಸ್ ಬಾರಿಗೆ ಕೈ ಹಾಕ್ಬೇಡ. ಅದು ಚರ್ಚಿಂದು. ಇನ್ನೊಂದು, ನಾನು ಬರೋ ದಿನ ನೀನು ಇನ್ನೂರಿಪ್ಪತ್ತು ಪೌಂಡಿನ ಒಳಗಿರಬೇಕು. ಇಲ್ದಿದ್ರೆ ಈ ವರ್ಷ ಮೀನು ಹಿಡಿಯೋ ಗುಡಿಸಲನ್ನ ಮರೆತುಬಿಡು."

ಹಾಗೆಂದು ಗುಡಿಸಲಿನ ಬೀಗದ ಕೈಯನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡು ಹೋಗಿದ್ದಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತ ಆ ಗುಡಿಸಲಿನಲ್ಲಿದ್ದುದು ಒಂದು ಒಲೆ, ಒಂದು ಮುರುಕು ಕುರ್ಚಿ, ಗಾಳ ಇಳಿಬಿಡಲು ನೆಲದಲ್ಲಿ ಎರಡು ತೂತು, ಅಷ್ಟೇ. ಆದರೆ ವರ್ಷದ ಐವತ್ತೊಂದು ವಾರ ವರ್ಲಿನ್ ಬದುಕುತ್ತಿದ್ದುದು ಅಲ್ಲಿ ಕೂರುವ ಒಂದು ವಾರಕ್ಕಾಗಿ. ಆ ವಾರ ನಾಳೆ ಶುರು.

ಎರಡನೆಯ ಮಾತನ್ನು ಅವನು ಹೇಗೋ ನಡೆಸಿಕೊಟ್ಟಿದ್ದ. ಬೆಳಿಗ್ಗೆ ತಕ್ಕಡಿ ಹತ್ತಿದರೆ ಮುಳ್ಳು ಇನ್ನೂರ ಹತ್ತೊಂಬತ್ತಕ್ಕೆ ನಿಂತಿತು. ಮೂರು ಸಲ ಇಳಿದು ಹತ್ತಿದ, ಮುಳ್ಳು ಮಾತು ಬದಲಿಸಲಿಲ್ಲ. ಹದಿನಾಲ್ಕು ದಿನದಲ್ಲಿ ಕದ್ದು ತಿಂದ ಇಪ್ಪತ್ತನಾಲ್ಕು ಬಾರು ಎಲ್ಲಿಗೆ ಹೋದವೋ ಅವನಿಗೆ ತಿಳಿಯಲಿಲ್ಲ. ಅಂಗಳದ ಹಿಮ ಎತ್ತಿಹಾಕಿದ್ದರಲ್ಲಿ ಕರಗಿರಬೇಕೆಂದು ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ನಾಲ್ಕು ಗಂಟೆಗೆ ಬರ್ತೀನಿ," ಎಂದಳು ಲವೋನ್. "ಹನ್ನೊಂದಕ್ಕೆ ಹಿಲ್ಮರ್‌ನ ಅಂತ್ಯಕ್ರಿಯೆ, ನೆನಪಿದೆ ತಾನೆ? ಊಟದ ಮೇಜಿನ ಮೇಲೆ ನನ್ನ ಬಾರು ಇರುತ್ತೆ. ನೀನು ಹೋಗಿ ಕುರ್ಚಿ ಮಡಚಿ ಕೊಡು, ಸಾಕು."

ಫೋನಿಟ್ಟ ವರ್ಲಿನ್ ಖಾಲಿ ಟ್ರೇಯನ್ನು ಮತ್ತೊಮ್ಮೆ ನೋಡಿದ; ಮೇಜಿನ ಮೇಲಿರಬೇಕಾದ ಬಾರು ಅವನ ಹೊಟ್ಟೆ ಸೇರಿತ್ತು. ನೋರ್ಬಿ ಊರಿನಲ್ಲಿ ಸತ್ತವರನ್ನು ಪಾದ್ರಿ ಕಳಿಸಿಕೊಡುತ್ತಾನೆಂದು ಪಾದ್ರಿಯೊಬ್ಬನೇ ನಂಬಿದ್ದ. ನಿಜವಾಗಿ ಕಳಿಸಿಕೊಡುತ್ತಿದ್ದುದು ಅಂತ್ಯಕ್ರಿಯೆಯ ನಂತರ ಚರ್ಚಿನ ನೆಲಮಾಳಿಗೆಯಲ್ಲಿ ಬಡಿಸುವ ಕಾಫಿ ಮತ್ತು ಬಾರು. ಲವೋನ್‌ಳ ಬಾರಿಲ್ಲದೆ ಊರಿನಲ್ಲಿ ಯಾರೂ ಸರಿಯಾಗಿ ಸತ್ತದ್ದೇ ಇಲ್ಲ.

ಅಡುಗೆಮನೆಯ ಡಬ್ಬಿ ತಡಕಿ ಅವಳ ಕೈಬರಹದ ಕಾರ್ಡು ತೆಗೆದ. ಓಟ್ಸ್ ಇತ್ತು, ಖರ್ಜೂರ ಇತ್ತು. ಬೆಣ್ಣೆ ಮಾತ್ರ ಕಾರ್ಡು ಕೇಳಿದ್ದರಲ್ಲಿ ಅರ್ಧ ಇತ್ತು. ಪಾಪ ಮಾಡಿದವನಿಗೆ ಪುಣ್ಯದ ದಾರಿ ಬೇಗ ಕಾಣುತ್ತದೆ. 'ಅರ್ಧ ಸಾಕು. ಸಕ್ಕರೆಯನ್ನೂ ಅರ್ಧ ಮಾಡೋಣ. ಬದಲಿಗೆ ಬೇಯಿಸಿ ಅರೆದ ಸೇಬನ್ನೇ ಇನ್ನಷ್ಟು ಸುರಿಯೋಣ. ಹೊಟ್ಟೆಗೆ ಹಗುರ. ಊರಿನ ಆರೋಗ್ಯ ಕಾಪಾಡಿದ ಹಾಗೂ ಆಯಿತು!' ಎಂದುಕೊಂಡು ಕಲಸಿದ. ಹಿಟ್ಟು ಸೌಟನ್ನು ಹಿಡಿದು ಬಿಡಲೊಲ್ಲದು, ಸಾಲ ಕೊಟ್ಟವನು ಅಂಗಿ ಹಿಡಿದ ಹಾಗೆ. ಹೆಂಡತಿಯ ಟ್ರೇಯಲ್ಲೇ ತಟ್ಟಿ ಓವನ್ನಿಗೆ ತಳ್ಳಿದ. ಹೊರಬಂದದ್ದು ನೋಡಲು ಬಾರಿನಂತೆಯೇ ಇತ್ತು. ಮಾಡಿನ ಹಂಚೂ ದೂರದಿಂದ ಬಾರಿನಂತೆಯೇ ಇರುತ್ತದೆ.

ಚರ್ಚಿನ ನೆಲಮಾಳಿಗೆಯ ಅಡುಗೆಮನೆಯ ಯಜಮಾನಿ ಅರ್ವಿಲಾ ಬಾಗಿಲಲ್ಲೇ ಎದುರಾದಳು. ಟ್ರೇ ನೋಡಿ ಅವಳ ಹುಬ್ಬು ಮೇಲೇರಿತು.

"ಅರೆ, ನೀನೂ ಬಾರು ತಂದ್ಯಾ ವರ್ಲಿನ್?"

"ಯಾಕೆ, ಗಂಡಸರು ತರಬಾರ್ದಾ?"

"ತರಬಹುದಪ್ಪ, ತರಬಹುದು," ಎಂದು ಅರ್ವಿಲಾ ಏನೋ ಮಾತು ನುಂಗಿಕೊಂಡು ಮೇಜಿನ ತುದಿಯಲ್ಲಿ ಜಾಗ ಮಾಡಿಕೊಟ್ಟಳು.

ಪಕ್ಕದಲ್ಲಿ ಇನ್ಯಾರದೋ ಬಾರಿನ ಟ್ರೇ ಇತ್ತು. ಜನ ಅದಕ್ಕೆ ಇರುವೆಯಂತೆ ಮುತ್ತಿದರು. ವರ್ಲಿನ್‌ನ ಟ್ರೇಗೂ ಕೈ ಬಂದವು, ಆದರೆ ಬಂದ ಕೈ ಎರಡನೆಯ ಸಲ ಬರಲಿಲ್ಲ. ನೆರೆಮನೆಯ ಡ್ಯುವೇನ್ ಒಂದು ತುಂಡು ಬಾಯಿಗಿಟ್ಟು ತುಂಬ ಹೊತ್ತು ಅಗಿದ. ಹಿಲ್ಮರ್‌ನ ಬಗ್ಗೆ ಎರಡು ಒಳ್ಳೆಯ ಮಾತಾಡಬೇಕೆಂದು ಬಂದವನಿಗೆ ದವಡೆ ಬಿಚ್ಚಲಿಲ್ಲ.

"ಹೇಗಿದೆ?" ಎಂದ ವರ್ಲಿನ್.

"ಬೇರೆ ಥರ ಇದೆ," ಎಂದ ಡ್ಯುವೇನ್ ಕಡೆಗೂ.

ವರ್ಲಿನ್‌ಗೆ ತೀರ್ಪು ತಿಳಿದುಹೋಯಿತು. ನೋರ್ಬಿಯಲ್ಲಿ ಚೆನ್ನಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಹೋದ ವರ್ಷ ಬಿರುಗಾಳಿ ಕೊಟ್ಟಿಗೆಯನ್ನೇ ಹೊತ್ತೊಯ್ದಾಗಲೂ ಡ್ಯುವೇನ್ ಆಡಿದ್ದು ಇದೇ ಮಾತು.

"ಇನ್ನೊಂದು ತಗೋ."

"ಬೇಡಪ್ಪಾ, ಹೊಟ್ಟೆ ತುಂಬಿತು."

"ತಗೋ ಮಾರಾಯ."

"ಇನ್ನೂ ಬದುಕಿರೋರಿಗೆ ಇರಲಿ," ಎಂದು ಡ್ಯುವೇನ್ ಮೆಲ್ಲಗೆ ಜಾರಿದ. ಉಳಿದರ್ಧವನ್ನು ಕಿಟಕಿಯ ಗಿಡದ ಕುಂಡದಲ್ಲಿ ಊರಿದ್ದನ್ನು ವರ್ಲಿನ್ ಕಣ್ಣಾರೆ ಕಂಡ. ಅತ್ತ ಯಾರದೋ ತಟ್ಟೆಯಿಂದ ಒಂದು ಬಾರು ಕೆಳಗೆ ಬಿದ್ದು ಟಕ್ ಎಂದಿತು. ಹಿಲ್ಮರ್‌ನ ಮಗಳು ದುಃಖದ ನಡುವೆಯೂ ಯಾರೋ ಬಾಗಿಲು ತಟ್ಟಿದರೆಂದು ತಿರುಗಿ ನೋಡಿದಳು.

ಟ್ರೇಯಲ್ಲಿ ಇನ್ನೂ ಹದಿನೈದು ಉಳಿದಿದ್ದವು. ಖಾಲಿಯಾಗದ ಟ್ರೇ ಮನೆಗೆ ಮರಳುವುದೆಂದರೆ ಈ ಊರಿನಲ್ಲಿ ಮದುವೆಯಾದ ಮಗಳು ಮರಳಿದಂತೆ, ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ. 'ಲವೋನ್‌ಳ ಬಾರು ಉಳಿಯಿತಂತೆ' ಎಂದರೆ ಅವಳು 'ನನ್ನ ಬಾರು ಎಂದೂ ಉಳಿಯುವುದಿಲ್ಲ, ಅದು ಯಾವ ಬಾರು' ಎನ್ನುತ್ತಾಳೆ. ಅಲ್ಲಿಗೆ ಕಳ್ಳತನ ಹೊರಬೀಳುತ್ತದೆ, ಗುಡಿಸಲೂ ಹೋಗುತ್ತದೆ. ಉಳಿದದ್ದು ಒಂದೇ ದಾರಿ. ವರ್ಲಿನ್ ಟ್ರೇ ಎತ್ತಿಕೊಂಡು ಕೋಟು ತೂಗುಹಾಕುವ ಮೂಲೆಗೆ ಹೋಗಿ ತಿನ್ನತೊಡಗಿದ. ನಾಲ್ಕನೆಯ ಬಾರಿನ ಮೇಲೆ ಕಾಫಿ ಸುರಿದುಕೊಂಡ. ಒಂಬತ್ತನೆಯದಕ್ಕೆ ಬೆಲ್ಟಿನ ತೂತು ಬದಲಾಯಿತು. ಹದಿನಾಲ್ಕು ಬಾರು, ಏಳು ಲೋಟ ಕಾಫಿ. ಉಳಿದದ್ದು ಒಂದು. ಕೊನೆಯ ತುಂಡನ್ನು ಪೂರ್ತಿ ತೆಗೆದುಕೊಂಡವನು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಅದನ್ನು ಅರ್ಧ ಮಾಡಬೇಕು, ಆ ಅರ್ಧವನ್ನು ಅರ್ಧ ಮಾಡಬೇಕು. ಯಾರೂ ನೋಡದಿದ್ದರೂ ಅವನ ಕೈ ತಾನಾಗಿ ಹಾಗೇ ಮಾಡಿತು. ಮುಕ್ಕಾಲನ್ನು ನುಂಗಿದ. ಕೊನೆಯ ಕಾಲು ಭಾಗ ಗಂಟಲಿಗಿಳಿಯದೆ ಅಂಗಿಯ ಜೇಬು ಸೇರಿತು.

ಗೆದ್ದವನಂತೆ ತೇಗುತ್ತ ಖಾಲಿ ಟ್ರೇಯನ್ನು ಅರ್ವಿಲಾಗೆ ತೋರಿಸಿದ. ಅವಳು ಪಕ್ಕದ ಖಾಲಿ ಟ್ರೇಯನ್ನೂ ತೊಳೆದು, ತಳದ ಅಂಟುಪಟ್ಟಿಯ ಹೆಸರು ನೋಡಿ, ಎರಡನ್ನೂ ಒಟ್ಟಿಗೇ ಅವನ ಕೈಗಿಟ್ಟಳು. ಎರಡರ ತಳದಲ್ಲೂ ಒಂದೇ ಬರಹ: ಲವೋನ್.

"ಇದೂ... ನಮ್ಮದಾ?"

"ಮತ್ತೆ? ಯಾರು ಯಾವಾಗ ಹೋಗ್ತಾರೋ ಅಂತ ಫಾರ್ಗೋಗೆ ಹೊರಡೋ ದಿನವೇ ಇಲ್ಲಿನ ಫ್ರೀಜರ್‌ನಲ್ಲಿ ಇಟ್ಟು ಹೋಗಿದ್ಲಲ್ಲ."

"ಮೊದಲೇ ಹೇಳಬಾರ್ದಿತ್ತಾ, ಪುಣ್ಯಾತ್ಗಿತ್ತಿ!"

"ಹೇಗಪ್ಪಾ ಹೇಳೋದು? ಪಾಪ, ಅಷ್ಟು ಕಷ್ಟಪಟ್ಟು ಮಾಡಿ ತಂದಿದ್ದೆ," ಎಂದಳು ಅರ್ವಿಲಾ, ಕೈ ಒರೆಸಿಕೊಳ್ಳುತ್ತ.

ನಾಲ್ಕು ಗಂಟೆಗೆ ಬಂದ ಲವೋನ್ ಕೋಟು ಬಿಚ್ಚುವ ಮೊದಲೇ ತಕ್ಕಡಿ ಎಳೆದಳು. ವರ್ಲಿನ್ ಉಸಿರು ಬಿಗಿಹಿಡಿದು ಹತ್ತಿದ. ಮುಳ್ಳು ಗಡಗಡ ನಡುಗಿ ಇನ್ನೂರಿಪ್ಪತ್ತಮೂರಕ್ಕೆ ನಿಂತಿತು.

"ಬೆಳಿಗ್ಗೆ ಇನ್ನೂರ ಹತ್ತೊಂಬತ್ತಿತ್ತು ಕಣೇ! ದೇವರಾಣೆ!"

"ಇದ್ದಿರಬೇಕು," ಎಂದಳು ಅವಳು ಬೇಸರದಿಂದ. "ಅದಕ್ಕೇ ತಾನೆ ಮನೆ ಫ್ರೀಜರ್‌ನಲ್ಲಿ ಆ ಬಾರನ್ನ ನಿನಗೆ ಅಂತ ಮಾಡಿಟ್ಟು ಹೋಗಿದ್ದು. ಮೇಜಿನ ಮೇಲಿಟ್ಟು ಹಗುರದ ತಿಂಡಿ ತಿನ್ನು ಅಂದಿದ್ರೆ ಮೂಗು ಮುರೀತಿದ್ದೆ. ಚರ್ಚಿಂದು, ಮುಟ್ಬೇಡ ಅಂದೆ. ಒಂದೂ ಉಳಿಸಿರಲ್ಲ, ನಂಗೊತ್ತು."

"ಹಗುರದ್ದಾ? ಅದು?"

"ಮೂರು ವರ್ಷದಿಂದ ಇಡೀ ಊರಿಗೆ ಅದನ್ನೇ ತಿನ್ನಿಸ್ತಿದೀನಿ. ಬೆಣ್ಣೆ ಅರ್ಧ, ಸಕ್ಕರೆ ಅರ್ಧ, ಮಿಕ್ಕಿದ್ದಕ್ಕೆ ಸೇಬು. ಕಾರ್ಡಿನಲ್ಲೇ ತಿದ್ದಿಟ್ಟಿದೀನಿ. ಒಬ್ಬನಿಗಾದ್ರೂ ಗೊತ್ತಾಯ್ತಾ?"

ಆ ಅರ್ಧವನ್ನೇ ಮತ್ತೆ ಅರ್ಧ ಮಾಡಿದ್ದ ವರ್ಲಿನ್ ತಕ್ಕಡಿಯ ಮೇಲೇ ಕಲ್ಲಾದ. ಲವೋನ್‌ಳ ಕಣ್ಣು ಅವನ ಉಬ್ಬಿದ ಜೇಬಿನ ಮೇಲೆ ಬಿತ್ತು. ಕೈ ಹಾಕಿ ಆ ಕಾಲು ತುಂಡನ್ನು ತೆಗೆದಳು, ಬೆಳಕಿಗೆ ಹಿಡಿದಳು, ಬಾಯಿಗಿಟ್ಟಳು. ತುಂಬ ಹೊತ್ತು ಅಗಿದಳು. ಗೋಡೆಯ ಗಡಿಯಾರ ಎರಡು ನಿಮಿಷ ಮುಂದೆ ಹೋಯಿತು.

"ಹ್ಞೂಂ," ಎಂದಳು ಕೊನೆಗೆ. "ಬೇರೆ ಥರ ಇದೆ."

ಅವನಿಗೆ ಕೊಡಲೆಂದು ಕೈಯಲ್ಲೇ ಹಿಡಿದುಕೊಂಡು ಬಂದಿದ್ದ ಗುಡಿಸಲಿನ ಬೀಗದ ಕೈಯನ್ನು ಮರಳಿ ಕೈಚೀಲಕ್ಕೆ ಹಾಕಿ, ಟಕ್ಕನೆ ಮುಚ್ಚಿದಳು.