ಕೆಲಗೇರಿ ಕೆರೆಯಲ್ಲಿ ಮೀನು ತೋರಿಸಿದ ಯಂತ್ರ ಮಹಾಶಯರಿಗೆ

ಮಾನ್ಯರೇ,

ಧಾರವಾಡದ ಹಳೆಯ ವಕೀಲನೂ ಕೆಲಗೇರಿ ಕೆರೆಯ ದಂಡೆಗೆ ಅದಕ್ಕಿಂತ ಹಳೆಯ ಗಿರಾಕಿಯೂ ಆದ ಏಕನಾಥ ಎಂಬ ನಾನು, ಸದ್ಯ ನಮ್ಮ ಮನೆಯ ಕಪಾಟಿನಲ್ಲಿ ಸ್ವೆಟರುಗಳ ನಡುವೆ ವಿಶ್ರಾಂತಿ ಪಡೆಯುತ್ತಿರುವ ತಮಗೆ ಸಾಷ್ಟಾಂಗ ನಮಸ್ಕಾರ ಸಲ್ಲಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇತ್ತ ನಾವು ಕ್ಷೇಮವಾಗಿಲ್ಲ. ತಮ್ಮ ಬ್ಯಾಟರಿ ಮಾತ್ರ ಭರ್ತಿಯಾಗಿದೆ ಎಂದು ತಿಳಿದು ಸಂತೋಷವಾಯಿತು. ಖಾಸಗಿಯಾಗಿ ಹೇಳಿದರೆ ತಾವು ಕಿವಿಗೆ ಹಾಕಿಕೊಳ್ಳುವುದಿಲ್ಲವೆಂಬ ಅನುಮಾನದಿಂದ ನಾಲ್ಕು ಜನರೆದುರು ಬರೆಯುತ್ತಿದ್ದೇನೆ.

ತಮ್ಮ ವಿದ್ವತ್ತಿನ ಬಗ್ಗೆ ನನಗೆ ತಕರಾರಿಲ್ಲ. ಅಳಿಯ ರೋಹಿತ ನನ್ನ ಹುಟ್ಟುಹಬ್ಬಕ್ಕೆಂದು ತಮ್ಮನ್ನು ಕರೆತಂದು ಒಪ್ಪಿಸಿದ ದಿನವೇ ತಮ್ಮ ಮಹಿಮೆಯನ್ನು ವಿವರಿಸಿದ್ದ. ಚೆಂಡಿನಂತಿರುವ ತಮ್ಮನ್ನು ದಾರಕ್ಕೆ ಕಟ್ಟಿ ನೀರಿಗೆ ಎಸೆದರೆ, ತಾವು ತೇಲುತ್ತಲೇ ತಳಕ್ಕೆ ಸದ್ದು ಕಳಿಸಿ, ಅದು ಯಾವುದಕ್ಕೋ ಬಡಿದು ತಿರುಗಿ ಬಂದದ್ದನ್ನು ಕೇಳಿಸಿಕೊಂಡು, ದಂಡೆಯಲ್ಲಿ ಕುಳಿತ ನನ್ನ ಮೊಬೈಲಿನಲ್ಲಿ ಮೀನಿನ ಚಿತ್ರ ಬಿಡಿಸಿ 'ಟುಂಯ್' ಎನ್ನುತ್ತೀರಿ. ಇಷ್ಟು ಕಡಿಮೆ ಸಾಕ್ಷಿಯ ಮೇಲೆ ಇಷ್ಟು ಧೈರ್ಯದ ತೀರ್ಪು ಕೊಡುವವರನ್ನು ನನ್ನ ಇಡೀ ವಕೀಲಿಕೆಯಲ್ಲಿ ನಾನು ಕಂಡಿಲ್ಲ.

ನನ್ನ ದೂರು ನನ್ನ ಗೆಳೆಯ ಫಕೀರಪ್ಪನವರಿಗೆ ಸಂಬಂಧಿಸಿದ್ದು. ತಾರಿಹಾಳದಲ್ಲಿ ಅವರದೊಂದು ವೆಲ್ಡಿಂಗ್ ವರ್ಕ್‌ಶಾಪ್ ಇದೆ, ಧಾರವಾಡದಲ್ಲಿ ಮನೆ ಇದೆ, ಮತ್ತು ತಾವು ಬರುವ ತನಕ ಪ್ರತಿ ರವಿವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ನನ್ನ ಪಕ್ಕದಲ್ಲಿ ಒಂದು ಜಾಗವಿತ್ತು. ಅವರು ಲಿಂಗ ಕಟ್ಟಿದವರು, ನಾನು ಜನಿವಾರದವನು. ನಮ್ಮ ಎರಡೂ ಮನೆಗಳಲ್ಲಿ ಮೀನಿನ ಹೆಸರೆತ್ತಿದರೆ ಪಾತ್ರೆ ತೊಳೆಯುತ್ತಾರೆ. ಆದ್ದರಿಂದ ಗಾಳಕ್ಕೆ ಜೋಳದ ಹಿಟ್ಟಿನ ಉಂಡೆ ಸಿಕ್ಕಿಸಿ, ಅಪ್ಪಿತಪ್ಪಿ ಸಿಕ್ಕ ಮೀನಿನ ಕ್ಷೇಮ ವಿಚಾರಿಸಿ, ತಿರುಗಿ ನೀರಿಗೆ ಬಿಟ್ಟು, ಕೈಗೆ ಲಿಂಬೆಹಣ್ಣು ತಿಕ್ಕಿಕೊಂಡು ಮನೆಗೆ ಹೋಗುವುದು ನಮ್ಮ ರೂಢಿಯಾಗಿತ್ತು. ಮನೆಯಲ್ಲಿ ಎದುರುಬದುರು ಕುಳಿತರೆ ನಾವಿಬ್ಬರೂ ಚಹಾ ಕುಡಿದು ಹವಾಮಾನದ ಮೇಲೆ ಮಾತಾಡುತ್ತೇವೆ. ಫಕೀರಪ್ಪನವರು ತಮ್ಮ ಸ್ವಂತ ಅಣ್ಣ ತೀರಿದ ಮೇಲೆ ಅತ್ತದ್ದು ಮನೆಯಲ್ಲಲ್ಲ, ಆ ದಂಡೆಯಲ್ಲಿ, ನೀರಿನ ಮೇಲಿನ ಬೆಂಡಿನಿಂದ ಕಣ್ಣು ಕೀಳದೆ. ನಾನೂ ಬೆಂಡನ್ನೇ ನೋಡುತ್ತ ಕೇಳಿಸಿಕೊಂಡೆ.

ಇಂಥ ಜಾಗಕ್ಕೆ ತಾವು ದಯಮಾಡಿಸಿದಿರಿ. ಬಂದವರೇ ನಾವು ಇಷ್ಟು ವರ್ಷ ಕುಳಿತ ಕಡೆ ಒಂದೂ ಮೀನಿಲ್ಲವೆಂದು ಸಾರಿ, ನಮ್ಮನ್ನು ಎಬ್ಬಿಸಿ, ಆಚೆ ದಂಡೆಗೆ ನಡೆಸಿಕೊಂಡು ಹೋಗಿ, ಅಲ್ಲಿ ತಳದಲ್ಲಿ ಪರದೆಗೆ ಹಿಡಿಸಲಾರದಷ್ಟು ದೊಡ್ಡ ಮೀನೊಂದು ಮಲಗಿದೆ ಎಂದಿರಿ. ಅದು ಅಲ್ಲಾಡುವುದಿಲ್ಲವೇಕೆಂದು ನಾನು ಸಂಶಯಪಟ್ಟಾಗ ತಾವು ಇನ್ನಷ್ಟು ಜೋರಾಗಿ ಟುಂಯ್ ಎಂದು ನನ್ನ ಬಾಯಿ ಮುಚ್ಚಿಸಿದಿರಿ. ಫಕೀರಪ್ಪನವರು ಮುಪ್ಪಿನ ಮೀನಿದ್ದೀತು, ಅದಕ್ಕೂ ಮಂಡಿನೋವು ಇರಬಹುದು ಎಂದು ತಮ್ಮ ಪರವಾಗಿ ವಾದಿಸಿದರು. ಆಮೇಲೆ ಫಕೀರಪ್ಪನವರ ಗಾಳ ಏನಕ್ಕೋ ಸಿಕ್ಕಿಕೊಂಡಿತು, ಕೋಲು ಬಿಲ್ಲಿನಂತೆ ಬಾಗಿತು. ನಾನು ಫಕೀರಪ್ಪನವರ ಸೊಂಟ ಹಿಡಿದೆ, ವಾಕಿಂಗಿಗೆ ಬಂದವರು ನನ್ನ ಸೊಂಟ ಹಿಡಿದರು. ಎಲ್ಲರೂ ಕೂಡಿ ಎಳೆದಾಗ ನೀರಿನಿಂದ ಮೊದಲು ಮೇಲೆ ಬಂದದ್ದು ಮೊರದಗಲದ ಒಂದು ಕಿವಿ.

ಫಕೀರಪ್ಪನವರು ಅದನ್ನು ನೋಡಿ, "ವಕೀಲರ, ಮೀನಿಗೆ ಕಿವಿ ಇರ್ತಾವೇನ್ರಿ?" ಎಂದು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಸೊಂಡಿಲೂ ಬಂತು. ಬಣ್ಣ ತೊಳೆದುಹೋಗಿ, ಹೊಟ್ಟೆ ಕರಗಿ, ಒಳಗಿನ ಕಬ್ಬಿಣದ ಹಂದರ ಕಾಣುತ್ತಿದ್ದ ಗಣಪತಿ ದಂಡೆಗೆ ಬಂದು ಕುಳಿತ. ಫಕೀರಪ್ಪನವರು ಬಗ್ಗಿ, ಕಿವಿಯ ಹಿಂದಿನ ಸಲಾಕೆಯನ್ನು ಬೆರಳಿನಿಂದ ಸವರಿ, ಚಪ್ಪಲಿ ಬಿಟ್ಟು ದೂರ ಸರಿದು ನಿಂತರು. "ಈ ವೆಲ್ಡಿಂಗ್ ನಂದರಿ" ಎಂದರು. ಹೋದ ಚೌತಿಗೆ ಅವರ ಓಣಿಯ ಪೆಂಡಾಲಿನ ಗಣಪತಿಗೆ ಹಂದರ ಮಾಡಿಕೊಟ್ಟವರು ಅವರೇ. ಮೆರವಣಿಗೆಯಲ್ಲಿ ಕುಣಿದು, ಮುಂದಿನ ವರ್ಷ ಲಗೂ ಬಾ ಎಂದು ಕೂಗಿ ನೀರಿಗೆ ಬಿಟ್ಟವರೂ ಅವರೇ. ಬೇಸಿಗೆಯಲ್ಲೇ ಕಿವಿಗೆ ಗಾಳ ಹಾಕಿ ಎಳೆದು ತಂದವರೂ ಈಗ ಅವರೇ ಆದರು.

ಫಕೀರಪ್ಪನವರ ಮನೆಯವರಾದ ದಾನವ್ವನವರನ್ನು ಫೋನು ಮಾಡಿ ಕರೆಸಲಾಯಿತು. ಅವರು ತಮ್ಮನ್ನೂ ನನ್ನನ್ನೂ ಒಂದೇ ನೋಟದಲ್ಲಿ ಅಳೆದು, ಬಂದ ದೇವರನ್ನು ಉಪವಾಸ ಕಳಿಸಲಿಕ್ಕೆ ಬರುವುದಿಲ್ಲವೆಂದು ಅಪ್ಪಣೆ ಕೊಟ್ಟರು. ಹೀಗಾಗಿ ಮಾವಿನಹಣ್ಣಿನ ಕಾಲದಲ್ಲಿ ಅವರ ಪಡಸಾಲೆಯಲ್ಲಿ ಗಣಪತಿ ಕುಳಿತು, ಕಡುಬಿನ ಬದಲು ಶೀಕರಣೆ ಉಂಡು, ಆರತಿ ಮಾಡಿಸಿಕೊಂಡು, ಎರಡನೆಯ ಸಲ ವಿಸರ್ಜನೆಗೊಂಡ. ಈ ಸಲ ಕೆರೆಯ ಗೊಡವೆಯೇ ಬೇಡವೆಂದು ವರ್ಕ್‌ಶಾಪಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ದೇವರ ಮಟ್ಟಿಗೆ ವ್ಯವಹಾರ ಬಗೆಹರಿಯಿತು. ಫಕೀರಪ್ಪನವರು ಮಾತ್ರ ಇನ್ನು ಗಾಳ ಮುಟ್ಟುವುದಿಲ್ಲ, ಕೆರೆಯ ಕಡೆ ಮುಖ ಹಾಕುವುದಿಲ್ಲ ಎಂದು ಆರತಿಯ ಮುಂದೆ ಆಣೆ ಮಾಡಿಬಿಟ್ಟರು.

ಅಂದಿನಿಂದ ದಂಡೆಯಲ್ಲಿ ನಾನು ಒಬ್ಬನೇ ಕೂಡುತ್ತಿದ್ದೇನೆ. ಮಾತಿಗೆ ಜನವಿಲ್ಲದೆ ಒಂದು ರವಿವಾರ ತಮ್ಮನ್ನೇ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ತಾವು ನೀರಿನ ಉಷ್ಣಾಂಶ ಹೇಳಿದಿರಿ. ನನಗೆ ಫಕೀರಪ್ಪನವರು ಬೇಕು, ಮಾನ್ಯರೇ. ಇದನ್ನು ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ.

ಆದ ಕಾರಣ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಇನ್ನು ಮುಂದೆ ಟುಂಯ್ ಎನ್ನುವ ಮೊದಲು ಎದುರಿಗಿರುವವರು ಮೀನೋ ದೇವರೋ ಎಂದು ಅವರನ್ನೇ ವಿನಯದಿಂದ ವಿಚಾರಿಸಬೇಕು. ಕೆರೆಯ ತಳವನ್ನು ಮೂಲೆಮೂಲೆಗೂ ಶೋಧಿಸಿ, ಅಲ್ಲಿ ಈಗ ಯಾವ ದೇವರೂ ವಾಸವಿಲ್ಲವೆಂದು ನನ್ನ ಸಮಕ್ಷಮ ಅಫಿಡವಿಟ್ ಮಾಡಿಕೊಡಬೇಕು. ಅದನ್ನು ತಾವೇ ಬಸ್ಸು ಹತ್ತಿ ತಾರಿಹಾಳಕ್ಕೆ ಹೋಗಿ ಫಕೀರಪ್ಪನವರ ಕೈಗೆ ಮುಟ್ಟಿಸಿ, ತಪ್ಪು ತಮ್ಮದೇ ಎಂದು ಒಪ್ಪಿಕೊಳ್ಳಬೇಕು. ಇಷ್ಟನ್ನು ನಡೆಸಿಕೊಟ್ಟರೆ ತಮ್ಮ ಎಲ್ಲ ಗುಣಗಾನವನ್ನೂ ತಮ್ಮ ಕಂಪನಿಗೆ ಬರೆದು, ಸ್ವೆಟರುಗಳ ನಡುವಿನಿಂದ ತಮ್ಮನ್ನು ಬಿಡುಗಡೆ ಮಾಡಲು ಸಿದ್ಧನಿದ್ದೇನೆ.

ಎಷ್ಟೇ ಆದರೂ
ತಮ್ಮ ವಿಶ್ವಾಸಿ,
ಏಕನಾಥ, ವಕೀಲ
ಧಾರವಾಡ

ತಾ.ಕ.: ಸಹಿ ಹಾಕುವಷ್ಟರಲ್ಲಿ ದಾನವ್ವನವರ ಫೋನು ಬಂತು. "ರವಿವಾರ ಬಂತಂದ್ರ ಇವರು ಮನ್ಯಾಗ ಕುಂತು ನನ್ನ ಅಡಗಿ ತಪ್ಪು ಹಿಡ್ಯಾಕತ್ತಾರ್ರಿ, ಆಣಿ ನಾ ಬಿಡಸ್ತೇನಿ, ನೀವು ಕರಕೊಂಡ ಹೋಗ್ರಿ" ಎಂದರು. ಫಕೀರಪ್ಪನವರು ಬರಲು ಒಪ್ಪಿದ್ದಾರೆ, ನಮ್ಮ ಹಳೆಯ ಜಾಗಕ್ಕೇ. ದಾರಕ್ಕೆ ಗಾಳ ಕಟ್ಟಬಾರದು, ಹಿಟ್ಟಿನ ಉಂಡೆಯಷ್ಟೇ ಇರಬೇಕು, ಯಾರು ಬಂದರೂ ಉಂಡು ಹೋಗಲಿ ಎಂಬುದು ಅವರ ಷರತ್ತು. ಆದ್ದರಿಂದ ತಾವು ಬಸ್ಸು ಹತ್ತುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ನಾವು ಅಲ್ಲಿಗೆ ಮೀನು ಹಿಡಿಯಲು ಹೋಗುವವರಲ್ಲ ಎಂಬುದು ಕೆರೆಯ ಮೀನುಗಳಿಗೆಲ್ಲ ಗೊತ್ತಿತ್ತು, ತಳ ಕಾಣುವ ತಮಗೊಬ್ಬರಿಗೇ ಕಾಣಲಿಲ್ಲ.